ಮುನಿಯಿಲ್ಲದ ಬೆಟ್ಟ

ಹೈದರಾಬಾದಿನ ಕಾಚಿಗೂಡದಲ್ಲಿ ಕನ್ನಡಿಗರ ಶಾಲೆಯಿದೆ, ಸಾಹಿತ್ಯ ಮಂದಿರವಿದೆ, ಬೆಂಗಳೂರಿಗೆ ಹೋಗುವ ರೈಲೂ ಅಲ್ಲಿಂದಲೇ ಹೊರಡುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಇಳಿದು ಮೂಸಿ ನದಿ ದಾಟಿದರೆ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ. ಜನ ಸೇರುವುದು ಮುಸುಕು ಹೊದ್ದ ರೆಬೆಕಾಳ ಅಮೃತಶಿಲೆಯ ಪ್ರತಿಮೆಯ ಮುಂದೆ, ಗಂಟೆ ಹೊಡೆಯುವ ಗಡಿಯಾರದ ಮುಂದೆ. ದಖನಿ ಚಿತ್ರಗಳ ಕಡೆಗೆ ಅಷ್ಟು ನೂಕುನುಗ್ಗಲು ಇರುವುದಿಲ್ಲ. ಅಂಗೈಗಿಂತ ತುಸು ದೊಡ್ಡದಾದ ಈ ಚಿತ್ರಗಳನ್ನು ನೋಡಬೇಕಾದರೆ ಬಗ್ಗಬೇಕು, ಸ್ವಲ್ಪ ಹೊತ್ತು ನಿಲ್ಲಬೇಕು.

ಬಿಜಾಪುರ, ಗೋಲ್ಕೊಂಡ, ಆಮೇಲೆ ಹೈದರಾಬಾದು, ಈ ಮೂರೂ ಕಡೆಯ ಚಿತ್ರಕಾರರು ಮತ್ತೆ ಮತ್ತೆ ಬರೆದ ಒಂದು ದೃಶ್ಯವಿದೆ. ಊರಾಚೆ ಒಂದು ಮರ, ಮರದ ಕೆಳಗೆ ಒಬ್ಬ ಸೂಫಿ ಸಂತನೋ ಜೋಗಿಯೋ ಕೂತಿದ್ದಾನೆ. ಹಿಂದೆ ಬಂಡೆಗಳ ಗುಡ್ಡ. ಪಾರಸಿ ಚಿತ್ರಗಳ ರೂಢಿಯಂತೆ ಬಂಡೆಗಳಿಗೆ ನೇರಳೆ, ತಿಳಿಗೆಂಪು, ನೀಲಿ ಬಣ್ಣ. ಎದುರಿಗೆ ಒಬ್ಬ ರಾಜಕುಮಾರನೋ ಹೆಂಗಸೋ ಕೈಮುಗಿದು ನಿಂತಿರುತ್ತಾರೆ. ಏಕಾಂತವಾಸಿಯ ಚಿತ್ರ ಎಂದು ನಾವು ಕರೆಯುವ ಇದರಲ್ಲಿ ಏಕಾಂತ ಇರುವುದು ಅಷ್ಟಕ್ಕಷ್ಟೆ. ಸಂತನಿಗೆ ಯಾವಾಗಲೂ ಒಬ್ಬರು ಬಂದೇ ಇರುತ್ತಾರೆ.

ಈ ಪರಂಪರೆಯ ಅತಿ ಪ್ರಸಿದ್ಧ ಚಿತ್ರಗಳಲ್ಲಿ ಒಂದು ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. 17ನೇ ಶತಮಾನದ ಆರಂಭದಲ್ಲಿ ಬಿಜಾಪುರದಲ್ಲಿ ಬರೆದದ್ದು. ಬೂದಿ ಬಳಿದ ಮೈಯ ಜೋಗಿಣಿಯೊಬ್ಬಳು ಕೈ ಮೇಲಿನ ಮೈನಾ ಹಕ್ಕಿಯನ್ನು ನೋಡುತ್ತ ನಿಂತಿದ್ದಾಳೆ. ಅವಳ ಎತ್ತರಕ್ಕೇ ಬೆಳೆದ ಹೂಗಿಡಗಳು ಸುತ್ತ ಇವೆ. ಇಲ್ಲಿ ಭೇಟಿಗೆ ಬಂದವರಿಲ್ಲ. ಆದರೂ ಮಾತಿಗೆ ಹಕ್ಕಿಯಿದೆ, ದೂರದ ಗುಡ್ಡದ ಮೇಲೆ ಬೆಳ್ಳಗೆ ಅರಮನೆಯೂ ಕಾಣುತ್ತದೆ. ಅವಳು ಬಿಟ್ಟುಬಂದ ಲೋಕ ಕಣ್ಣಳತೆಯಲ್ಲೇ ಇದೆ.

ಕನ್ನಡದ ಕಥನಗಳಲ್ಲೂ ಬೆಟ್ಟ ಹೀಗೇ ಬರುತ್ತದೆ. ಅಕ್ಕಮಹಾದೇವಿ ಶ್ರೀಶೈಲಕ್ಕೆ ಹೋದಳು ಎಂದರೆ ಒಬ್ಬಳೇ ಇರಲು ಹೋದಳು ಎಂದು ಯಾರೂ ತಿಳಿಯುವುದಿಲ್ಲ. ಮಲ್ಲಿಕಾರ್ಜುನನ ಬಳಿಗೆ ಹೋದಳು ಎಂದು ತಿಳಿಯುತ್ತಾರೆ. ಮಲೆಗೆ ಒಬ್ಬ ಮಾದೇಶ್ವರ, ಬಿಳಿಗಿರಿಗೆ ಒಬ್ಬ ರಂಗ, ಚಾಮುಂಡಿ ಬೆಟ್ಟಕ್ಕೆ ತಾಯಿ. ಬೆಟ್ಟ ಅಂದರೆ ಒಂದು ವಿಳಾಸ. ಅಲ್ಲಿ ಯಾರೋ ಇದ್ದಾರೆ, ಅವರನ್ನು ಕಾಣಲು ಹತ್ತಬೇಕು.

ಹಾಗಿದ್ದರೆ ಯಾರೂ ಇಲ್ಲದ ಬೆಟ್ಟವನ್ನು, ಬರೀ ಮಂಜು ಮತ್ತು ಬೆಳಕಿಗಾಗಿ ಬರೆದ ಬೆಟ್ಟವನ್ನು, ಕನ್ನಡನಾಡಿನ ಚಿತ್ರಕಾರನೊಬ್ಬ ಬರೆದದ್ದು ಯಾವಾಗ? ಈ ಪ್ರಶ್ನೆ ಹಿಡಿದು ಹೊರಟರೆ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಕಾಚಿಗೂಡದ ರೈಲು ಮಹಬೂಬ್‌ನಗರ, ಕರ್ನೂಲು, ಅನಂತಪುರ, ಧರ್ಮಾವರಂ ಹಾದು, ದಖನಿ ಚಿತ್ರಕಾರರಿಗೆ ಪರಿಚಯವಿದ್ದಂಥದೇ ಬಂಡೆಗುಡ್ಡಗಳ ನಡುವೆ ಅಲ್ಲಿಗೆ ತಲುಪುತ್ತದೆ. ಅಲ್ಲಿ ಒಂದಕ್ಕೊಂದು ಕೆಲವೇ ಕಿಲೋಮೀಟರು ದೂರದ ಎರಡು ಕಟ್ಟಡಗಳಲ್ಲಿ ಎರಡು ಬಗೆಯ ಬೆಟ್ಟಗಳಿವೆ. ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯಾದ ರೋರಿಚ್ ತಂದೆ-ಮಗನ ಹಿಮಾಲಯ. ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಕೆ. ವೆಂಕಟಪ್ಪನವರ ಊಟಿ ಮತ್ತು ಕೊಡೈಕೆನಾಲ್.

ಮೊದಲನೆಯದರಲ್ಲಿ ಮುನಿಗಳಿದ್ದಾರೆ. ಎರಡನೆಯದರಲ್ಲಿ ಇಲ್ಲ. ಆದರೆ ಒಂಟಿಯಾಗಿ ಬದುಕಿದವರು ಎರಡನೆಯವರು.

ಊರಿನಲ್ಲಿ ತಯಾರಾದ ಏಕಾಂತ

ಬೆಟ್ಟದ ಚಿತ್ರ ಕಂಡಾಗ ಬರೆದವನೂ ಬೆಟ್ಟದಲ್ಲೇ ಒಬ್ಬನೇ ಕೂತಿದ್ದ ಎಂದು ಊಹಿಸಿಕೊಳ್ಳುವುದು ಸಹಜ. ಚಿತ್ರಕಲೆಯ ಚರಿತ್ರೆ ಈ ಊಹೆಗೆ ಹೆಚ್ಚು ಬೆಂಬಲ ಕೊಡುವುದಿಲ್ಲ.

ಬೆಟ್ಟವನ್ನೇ ಮುಖ್ಯ ವಸ್ತುವಾಗಿ ಮಾಡಿಕೊಂಡ ಮೊದಲ ದೊಡ್ಡ ಪರಂಪರೆ ಚೀನಾದ್ದು. ಅಲ್ಲಿ ಭೂದೃಶ್ಯಕ್ಕೆ ಇರುವ ಪದವೇ ‘ಶಾನ್-ಶುಯ್’, ಅಂದರೆ ಬೆಟ್ಟ-ನೀರು. ಕ್ರಿ.ಶ. 1000ದ ಆಸುಪಾಸಿನಲ್ಲಿ ಫಾನ್ ಕ್ವಾನ್ ಬರೆದ ಬೆಟ್ಟದ ಚಿತ್ರ ಈಗ ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಎರಡು ಮೀಟರಿಗೂ ಎತ್ತರದ ರೇಷ್ಮೆಯ ಮೇಲೆ ಮುಕ್ಕಾಲು ಭಾಗ ಬಂಡೆಯೇ. ಕೆಳಗೆ ಬಲಮೂಲೆಯಲ್ಲಿ ಹೇಸರಗತ್ತೆ ಹೊಡೆದುಕೊಂಡು ಹೋಗುವ ಇಬ್ಬರು, ಇರುವೆಯಷ್ಟು. ಅದೇ ಶತಮಾನದಲ್ಲಿ ಸುಂಗ್ ಅರಸರ ಆಸ್ಥಾನದಲ್ಲಿದ್ದ ಗುವೊ ಷಿ ಎಂಬ ಚಿತ್ರಕಾರನ ಮಾತುಗಳನ್ನು ಅವನ ಮಗ ಒಟ್ಟುಮಾಡಿ ಪುಸ್ತಕವಾಗಿಸಿದ. ಇಂಥ ಚಿತ್ರಗಳ ಅಗತ್ಯವೇನು ಎಂಬ ಪ್ರಶ್ನೆಗೆ ಅದರಲ್ಲಿ ನೇರವಾದ ಉತ್ತರವಿದೆ. ಅರಸನ ಸೇವೆ, ತಂದೆತಾಯಿಗಳ ಆರೈಕೆ ಇರುವವನು ಎಲ್ಲ ಬಿಟ್ಟು ಬೆಟ್ಟಕ್ಕೆ ಹೋಗುವಂತಿಲ್ಲ. ಅವನಿಗೆ ಕೂತಲ್ಲೇ ಬೆಟ್ಟ ಸಿಗಲಿ ಎಂದು ಚಿತ್ರ. ಏಕಾಂತದ ಬೆಟ್ಟವನ್ನು ಬಯಸಿದವರು ರಾಜಧಾನಿಯ ಅಧಿಕಾರಿಗಳು, ಬರೆದವನು ಆಸ್ಥಾನದ ಸಂಬಳ ಪಡೆಯುತ್ತಿದ್ದವನು.

ಯುರೋಪಿನಲ್ಲಿ ಬೆಟ್ಟವನ್ನೂ ಪೂಜೆಯನ್ನೂ ಒಂದೇ ಚೌಕಟ್ಟಿಗೆ ತಂದವನು ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್‌ರಿಶ್. 1808ರಲ್ಲಿ ಅವನು ಬೆಟ್ಟದ ತುದಿಯ ಶಿಲುಬೆಯೊಂದನ್ನು ಪೂಜಾಸ್ಥಳದಲ್ಲಿ ಇಡುವ ಚಿತ್ರದ ರೂಪದಲ್ಲಿ ಬರೆದ. ಬೈಬಲಿನ ಕಥೆಯಿಲ್ಲ, ಸಂತರಿಲ್ಲ; ಬಂಡೆ, ಮರ, ಸಂಜೆಯ ಆಕಾಶ. ಮರುವರ್ಷವೇ ರಾಮ್‌ಡೋರ್ ಎಂಬ ವಿಮರ್ಶಕ ಸಿಟ್ಟಾಗಿ ಬರೆದ. ಭೂದೃಶ್ಯದ ಚಿತ್ರ ಚರ್ಚಿನೊಳಗೆ ನುಸುಳಿ ಪೂಜಾಪೀಠ ಏರಲು ಹೊರಟಿದೆ ಎಂಬುದು ಅವನ ತಕರಾರು. ಸುಮಾರು ಹತ್ತು ವರ್ಷದ ಮೇಲೆ ಫ್ರೀಡ್‌ರಿಶ್ ಬರೆದ, ಮಂಜಿನ ಸಮುದ್ರದ ಎದುರು ಬೆನ್ನು ತಿರುಗಿಸಿ ನಿಂತ ಮನುಷ್ಯನ ಚಿತ್ರ ಇಂದು ಎಷ್ಟೋ ಪುಸ್ತಕಗಳ ರಕ್ಷಾಪುಟದಲ್ಲಿದೆ. ಆ ಬೆಟ್ಟಸಾಲು ಒಂದೇ ಜಾಗದಿಂದ ಕಾಣುವಂಥದಲ್ಲ. ಬೇರೆ ಬೇರೆ ಕಡೆ ಮಾಡಿಕೊಂಡ ರೇಖಾಚಿತ್ರಗಳನ್ನು ಡ್ರೆಸ್ಡೆನ್ ನಗರದ ಕೋಣೆಯಲ್ಲಿ ಕೂಡಿಸಿ ಅದನ್ನು ಕಟ್ಟಿದ.

ಇದರಲ್ಲಿ ಮೋಸವೇನಿಲ್ಲ. ಏಕಾಂತ ಬೇಕೆನಿಸುವುದು ಜನರ ನಡುವೆ ಇರುವಾಗಲೇ. ಚಿತ್ರಕಾರರು ಅದನ್ನು ಅರಿತಿದ್ದರು.

ನಗ್ಗರ್‌ನ ಮನೆ

ನಿಕೋಲಸ್ ರೋರಿಚ್ 1874ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದರು. ಓದಿದ್ದು ಚಿತ್ರಕಲೆ ಮತ್ತು ಕಾನೂನು, ಆಸಕ್ತಿ ಪ್ರಾಚೀನ ಇತಿಹಾಸದಲ್ಲಿ. 1913ರಲ್ಲಿ ಪ್ಯಾರಿಸ್ಸಿನಲ್ಲಿ ಗದ್ದಲ ಎಬ್ಬಿಸಿದ ಸ್ಟ್ರಾವಿನ್‌ಸ್ಕಿಯ ‘ವಸಂತದ ವಿಧಿ’ ನೃತ್ಯರೂಪಕದ ರಂಗಸಜ್ಜಿಕೆ, ಉಡುಪು ಅವರದೇ. ರಷ್ಯಾದ ಕ್ರಾಂತಿಯ ನಂತರ ಫಿನ್ಲೆಂಡು, ಲಂಡನ್ನು, ನ್ಯೂಯಾರ್ಕು ಸುತ್ತಿ 1923ರ ಕೊನೆಗೆ ಭಾರತಕ್ಕೆ ಬಂದರು. ಜೊತೆಯಲ್ಲಿ ಹೆಂಡತಿ ಹೆಲೆನಾ, ಮಕ್ಕಳಾದ ಯೂರಿ ಮತ್ತು ಸ್ವೆಟೊಸ್ಲಾವ್. ಹೆಲೆನಾ ಥಿಯಾಸಫಿಯ ಪ್ರಭಾವದಲ್ಲಿ ‘ಅಗ್ನಿಯೋಗ’ ಎಂಬ ಬೋಧನೆಯ ಗ್ರಂಥಗಳನ್ನು ಬರೆದವರು. ಹಿಮಾಲಯದಲ್ಲಿ ಮಹಾತ್ಮರಿದ್ದಾರೆ, ಅವರು ಮನುಕುಲಕ್ಕೆ ದಾರಿ ತೋರುತ್ತಾರೆ ಎಂಬುದು ದಂಪತಿಯ ದೃಢ ನಂಬಿಕೆ.

ಆ ನಂಬಿಕೆಯೇ ಚಿತ್ರಗಳಲ್ಲಿ ಬಂತು. 1924–25ರ ‘ಪೂರ್ವದ ಧ್ವಜಗಳು’ ಎಂಬ ಸರಣಿಯಲ್ಲಿ ಬುದ್ಧ, ಮೋಸೆಸ್, ಕನ್‌ಫ್ಯೂಷಿಯಸ್, ಟಿಬೆಟಿನ ಯೋಗಿ ಮಿಲರೇಪ ಒಬ್ಬೊಬ್ಬರಾಗಿ ಬರುತ್ತಾರೆ. ಸುತ್ತ ನೀಲಿ, ನೇರಳೆ ಶಿಖರಗಳು. ನಡುವೆ ಗುಹೆಯ ಬಾಯಲ್ಲೋ ಬಂಡೆಯ ಅಂಚಿನಲ್ಲೋ ಸಣ್ಣ ಆಕೃತಿಯೊಂದು. ರೋರಿಚ್ ಹೆಚ್ಚಾಗಿ ಬಳಸಿದ್ದು ಟೆಂಪೆರಾ. ಅದು ಒಣಗಿದ ಮೇಲೆ ಹೊಳೆಯುವುದಿಲ್ಲ, ಬಣ್ಣ ಸಪಾಟಾಗಿ ಕೂರುತ್ತದೆ, ಅಂಚುಗಳು ಚೂಪಾಗಿ ಉಳಿಯುತ್ತವೆ. ಎತ್ತರದ ಹಿಮಾಲಯಕ್ಕೆ ಅದು ಹೇಳಿಮಾಡಿಸಿದ ಮಾಧ್ಯಮ. ಅಲ್ಲಿನ ತೆಳುವಾದ ಒಣಗಾಳಿಯಲ್ಲಿ ದೂರದ ಶಿಖರವೂ ಹತ್ತಿರದ್ದರಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ರೋರಿಚ್ ಬೆಟ್ಟಗಳಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಈ ಚಿತ್ರಗಳ ಹಿಂದಿನ ಬದುಕು ಮಾತ್ರ ಒಂಟಿಯದಾಗಿರಲಿಲ್ಲ. 1925ರಿಂದ 1928ರವರೆಗೆ ಅವರು ಮಧ್ಯ ಏಷ್ಯಾದಲ್ಲಿ ಸುತ್ತಿದರು. ಕಾಶ್ಮೀರ, ಲಡಾಖ್, ಕಾರಾಕೋರಂ, ಖೋತಾನ್, ಅಲ್ತಾಯ್, ಮಂಗೋಲಿಯ, ಟಿಬೆಟ್. ಅದು ಕುದುರೆ, ಒಂಟೆ, ಆಳುಕಾಳುಗಳ ದೊಡ್ಡ ದಂಡು. ಹಣ ಅಮೆರಿಕದ ಬೆಂಬಲಿಗರದು. 1927ರ ಚಳಿಗಾಲದಲ್ಲಿ ಟಿಬೆಟಿನ ಅಧಿಕಾರಿಗಳು ದಂಡನ್ನು ಚಾಂಗ್‌ತಾಂಗ್ ಪ್ರಸ್ಥಭೂಮಿಯಲ್ಲಿ ತಡೆದರು. ಅತ್ತ ಲ್ಹಾಸಾಕ್ಕೂ ಇಲ್ಲ, ಇತ್ತ ಭಾರತಕ್ಕೂ ಇಲ್ಲದೆ ಸುಮಾರು ಐದು ತಿಂಗಳು ಬೇಸಿಗೆಯ ಡೇರೆಗಳಲ್ಲಿ ಕೊರೆಯುವ ಚಳಿಯಲ್ಲಿ ಕಳೆಯಬೇಕಾಯಿತು. ದಂಡಿನ ಕೆಲವರು ಸತ್ತರು, ಪ್ರಾಣಿಗಳು ಸಾಲುಸಾಲಾಗಿ ಸತ್ತವು. ಬೆಟ್ಟ ನಿಜವಾಗಿ ಒಡ್ಡಿದ ಏಕಾಂತ ಇದು. ರೋರಿಚ್ ಶಿಖರಗಳ ಶಾಂತಿಯಲ್ಲಿ ಆ ಚಳಿಗಾಲದ ಗುರುತು ಹುಡುಕಿದರೂ ಸಿಗುವುದು ಕಷ್ಟ.

1928ರ ಕೊನೆಗೆ ಕುಟುಂಬ ಕುಲ್ಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿತು. ಅಲ್ಲಿ ‘ಉರುಸ್ವತಿ’ ಎಂಬ ಹಿಮಾಲಯ ಸಂಶೋಧನಾ ಸಂಸ್ಥೆ ನಡೆಸಿದರು. ಗಿಡಮೂಲಿಕೆ, ಭಾಷೆ, ಪುರಾತತ್ವದ ಕೆಲಸ ಅಲ್ಲಿ ನಡೆಯಿತು. ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ರೋರಿಚ್ ಹೆಸರಿನ ಮ್ಯೂಸಿಯಂಗಾಗಿ ಗಗನಚುಂಬಿ ಕಟ್ಟಡ ಎದ್ದಿತು. ಯುದ್ಧದಲ್ಲಿ ಕಲೆ, ಸ್ಮಾರಕಗಳನ್ನು ಕಾಪಾಡುವ ರೋರಿಚ್ ಒಪ್ಪಂದಕ್ಕೆ 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನ ಶ್ವೇತಭವನದಲ್ಲಿ ಸಹಿ ಬಿತ್ತು. ಅದೇ ವರ್ಷ ಅಮೆರಿಕದ ಕೃಷಿ ಇಲಾಖೆಗಾಗಿ ಬರ ತಾಳುವ ಹುಲ್ಲು ಹುಡುಕಲು ಮಂಚೂರಿಯಾಕ್ಕೆ ಹೋದ ಯಾತ್ರೆ ರಾಜಕೀಯದಲ್ಲಿ ಸಿಕ್ಕಿಕೊಂಡು, ಅಲ್ಲಿನ ಬೆಂಬಲಿಗರೂ ಕೈಬಿಟ್ಟರು. 1942ರಲ್ಲಿ ನೆಹರು ಮಗಳೊಂದಿಗೆ ನಗ್ಗರ್‌ಗೆ ಬಂದು ತಂಗಿದ್ದರು. ರೋರಿಚ್ 1947ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು.

ಶಿಷ್ಯರು, ಪ್ರಾಯೋಜಕರು, ಮಂತ್ರಿಗಳು, ಪತ್ರವ್ಯವಹಾರ ಇವೆಲ್ಲದರ ನಡುವೆ ಆ ಒಂಟಿ ಮುನಿಯ ಚಿತ್ರಗಳು ನೂರಾರು ಸಂಖ್ಯೆಯಲ್ಲಿ ಹುಟ್ಟಿದವು. ಗುವೊ ಷಿ ಹೇಳಿದ್ದ ಕೆಲಸವನ್ನೇ ಅವು ಮಾಡಿದವು. ಲೋಕದ ಗದ್ದಲದಲ್ಲಿ ಸಿಕ್ಕವರಿಗೆ ಒಂದು ಗುಹೆ ತೋರಿಸಿದವು.

ಅವು ಬೆಂಗಳೂರಿಗೆ ಬಂದದ್ದು ಮಗ ಸ್ವೆಟೊಸ್ಲಾವ್‌ರಿಂದ. ಅವರು 1945ರಲ್ಲಿ ನಟಿ ದೇವಿಕಾರಾಣಿಯವರನ್ನು ಮದುವೆಯಾದರು. ಮುಂದೆ ಇಬ್ಬರೂ ಕನಕಪುರ ರಸ್ತೆಯ ತಾತಗುಣಿಯಲ್ಲಿ 400ಕ್ಕೂ ಹೆಚ್ಚು ಎಕರೆಯ ಎಸ್ಟೇಟಿನಲ್ಲಿ ನೆಲೆಸಿ, ಸುಗಂಧದ ಎಣ್ಣೆ ಕೊಡುವ ಲಿನಲೋ ಮರಗಳನ್ನು ಬೆಳೆಸಿದರು. 1960ರಲ್ಲಿ ಎಂ.ಎಸ್. ನಂಜುಂಡರಾವ್ ಕಟ್ಟಿದ ಚಿತ್ರಕಲಾ ಪರಿಷತ್ತಿಗೆ ಸ್ವೆಟೊಸ್ಲಾವ್ ಒತ್ತಾಸೆಯಾಗಿ ನಿಂತು, ಚಿತ್ರಗಳನ್ನೂ ಕೊಟ್ಟರು. 1993ರಲ್ಲಿ ಅವರೂ 1994ರಲ್ಲಿ ದೇವಿಕಾರಾಣಿಯವರೂ ತೀರಿಕೊಂಡ ಮೇಲೆ ಎಸ್ಟೇಟು ವರ್ಷಗಟ್ಟಲೆ ವ್ಯಾಜ್ಯದಲ್ಲಿತ್ತು. ಅದನ್ನು ಸರ್ಕಾರ ವಶಪಡಿಸಿಕೊಳ್ಳುವ 1996ರ ಕಾಯಿದೆಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2011ರಲ್ಲಿ ಎತ್ತಿಹಿಡಿಯಿತು. ಏಕಾಂತದ ಚಿತ್ರಗಳ ಮನೆತನದ ಆಸ್ತಿ ಭಾರತದ ಆಸ್ತಿಹಕ್ಕಿನ ಕಾನೂನಿಗೆ ಒಂದು ಮುಖ್ಯ ತೀರ್ಪು ಒದಗಿಸಿದಂತಾಯಿತು.

ಚಿತ್ರಗಾರರ ಮನೆಯಿಂದ ಹೊರಟವರು

ಕೆ. ವೆಂಕಟಪ್ಪನವರು 1886ರಲ್ಲಿ ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿದರು. ಆ ಮನೆತನಗಳಲ್ಲಿ ಚಿತ್ರ ಬರೆಯುವುದು ಒಬ್ಬರ ಕೆಲಸವಾಗಿರಲಿಲ್ಲ. ಮೈಸೂರು ಶೈಲಿಯ ದೇವರ ಪಟವೊಂದು ಆಗಬೇಕಾದರೆ ಹಲಗೆ ಸಿದ್ಧಮಾಡಬೇಕು, ಗೆಸ್ಸೋ ಹದಗೊಳಿಸಿ ಉಬ್ಬುಗೆಲಸ ಮಾಡಬೇಕು, ಚಿನ್ನದ ರೇಕು ಕೂರಿಸಬೇಕು, ಬಣ್ಣ ಅರೆಯಬೇಕು. ಮನೆಮಂದಿಯ ಕೈಗಳೆಲ್ಲ ಸೇರಿ ಆಗುವ ಕಸುಬು ಅದು. ಪಟದ ಮೇಲೆ ಸಹಿ ಹಾಕುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಬರೆಯುವುದು ರಾಮನ ಪಟ್ಟಾಭಿಷೇಕ, ಲಕ್ಷ್ಮಿ, ಸರಸ್ವತಿ. ಬರೆಸುವುದು ಅರಮನೆ, ಮಠ, ಸಿರಿವಂತರ ಮನೆ.

ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ವೆಂಕಟಪ್ಪನವರು 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ್ ಬೋಸರು ಅವರ ಸಹಪಾಠಿ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ ಮತ್ತು ಬೌದ್ಧ ಪುರಾಣಗಳ ಬಗ್ಗೆ ಬರೆದು 1913ರಲ್ಲಿ ಹೊರಬಂದ ಪುಸ್ತಕಕ್ಕೆ ಚಿತ್ರ ಬರೆದವರಲ್ಲಿ ವೆಂಕಟಪ್ಪನವರೂ ಒಬ್ಬರು; ರಾಮಾಯಣದ ಪ್ರಸಂಗಗಳು ಅವರ ಪಾಲಿಗೆ ಬಂದಿದ್ದವು. ಅಲ್ಲಿಯವರೆಗೆ ಅವರ ಕಲೆಯಲ್ಲಿ ದೇವರಿದ್ದರು, ಗುರುವಿದ್ದರು, ಗೆಳೆಯರ ಗುಂಪಿತ್ತು.

ಸುಮಾರು ಏಳು ವರ್ಷದ ನಂತರ ಅವರು ಮೈಸೂರು ಸೀಮೆಗೆ ಮರಳಿದರು. ಅಲ್ಲಿಂದ ಮುಂದಿನ ಬದುಕು ಒಂದೊಂದೇ ನಂಟು ಕಳಚಿಕೊಂಡವರ ಬದುಕು. ಮದುವೆಯಾಗಲಿಲ್ಲ. ಮನೆತನದ ಕಸುಬಿಗೆ ಮರಳಲಿಲ್ಲ. ಕಲ್ಕತ್ತೆಯ ಗೆಳೆಯರು ಶಾಂತಿನಿಕೇತನದಲ್ಲೂ ಬೇರೆ ಊರುಗಳ ಕಲಾಶಾಲೆಗಳಲ್ಲೂ ಶಿಷ್ಯರನ್ನು ತಯಾರುಮಾಡುತ್ತಿದ್ದಾಗ ಇವರು ವೀಣೆ ಶೇಷಣ್ಣನವರ ಬಳಿ ವೀಣೆ ಕಲಿಯಲು ಕೂತರು, ಅದೂ ಚಿತ್ರಕಲೆಯನ್ನು ಬದಿಗೆ ಸರಿಸುವಷ್ಟು ತೀವ್ರವಾಗಿ. ಆ ಸೆಳೆತವನ್ನೇ ವಸ್ತುವಾಗಿಸಿ ‘ವೀಣೆಯ ಹುಚ್ಚು’ ಎಂಬ ಅರ್ಥದ ಹೆಸರಿನ ಉಬ್ಬುಶಿಲ್ಪವನ್ನೂ ಮಾಡಿದರು. ಹೇಳಿದ ಬೆಲೆಗೆ, ಹೇಳಿದ ರೀತಿಯಲ್ಲಿ ಮಾಡಿಕೊಡುವ ಅರಮನೆಯ ಕುಶಲಕರ್ಮಿಯಾಗಿರಲು ಅವರು ಒಪ್ಪಲಿಲ್ಲ. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಅರಮನೆಯ ಉಬ್ಬುಶಿಲ್ಪಗಳ ಕೆಲಸ ನಿಂತಾಗ ಪರಿಹಾರ ಕೇಳಿ ನ್ಯಾಯಾಲಯಕ್ಕೂ ಹೋದರು. ಅವರ ಅಜ್ಜಂದಿರ ಕಾಲದಲ್ಲಿ ಚಿತ್ರಗಾರನೊಬ್ಬ ಅರಮನೆಯ ಮೇಲೆ ದಾವೆ ಹೂಡುವುದನ್ನು ಕಲ್ಪಿಸಿಕೊಳ್ಳಲೂ ಆಗುತ್ತಿರಲಿಲ್ಲ.

ವೆಂಕಟಪ್ಪನವರನ್ನು ಋಷಿಯಂತೆ ಬದುಕಿದವರು ಎಂದು ಹೊಗಳುವ ರೂಢಿಯಿದೆ. ಆ ಹೊಗಳಿಕೆ ಅರ್ಧ ವಿಷಯವನ್ನು ಮುಚ್ಚಿಹಾಕುತ್ತದೆ. ಅವರ ಏಕಾಂತದಲ್ಲಿ ವ್ರತನಿಯಮಗಳಿದ್ದವು, ನಿಜ. ಜೊತೆಗೆ ಅದು ಹೊಸ ಕಾಲದ ಏಕಾಂತ. ಜಾತಿಯ ಕಸುಬಿನ ಚಿತ್ರಗಾರನಾಗಿ ಹುಟ್ಟಿದವರು ತಮ್ಮ ಹೆಸರಿಗೆ, ತಮ್ಮ ಕೈಗೆ, ತಮ್ಮ ಬೆಲೆಗೆ ತಾವೇ ಹಕ್ಕುದಾರರಾದ ಕಲಾವಿದರಾಗಲು ಹೊರಟರು. ಕನ್ನಡನಾಡಿನಲ್ಲಿ ಹಾಗೆ ಹೊರಟ ಮೊದಲಿಗರಲ್ಲಿ ಅವರೊಬ್ಬರು. ಆ ದಾರಿಯಲ್ಲಿ ಜೊತೆಗೆ ಬರುವವರು ಇರಲಿಲ್ಲ.

ಊಟಿಯ ಮಂಜು

1926ರ ಸುಮಾರಿಗೆ ವೆಂಕಟಪ್ಪನವರು ಊಟಿಯ ಚಿತ್ರಗಳನ್ನು ಬರೆಯತೊಡಗಿದರು. ಮುಂದಿನ ದಶಕದಲ್ಲಿ ಕೊಡೈಕೆನಾಲ್. ಎಲ್ಲವೂ ಕಾಗದದ ಮೇಲೆ ಜಲವರ್ಣ. ಮಳೆಗಾಲದ ಮೋಡ ಒಡೆಯುವ ಗಳಿಗೆ, ಕೆರೆಯ ಮೇಲಿನ ಬೆಳಕು, ಬೆಳದಿಂಗಳು, ಬಿರುಗಾಳಿ, ಇಬ್ಬನಿಯೊಳಗೆ ಕರಗುತ್ತಿರುವ ಗುಡ್ಡದ ಅಂಚು. ರಾಮಾಯಣ ಬರೆದಿದ್ದ ಕೈ ಇಲ್ಲಿ ರಾಮನನ್ನು ಬರೆಯಲಿಲ್ಲ. ಶಿವನಿಲ್ಲ, ತಪಸ್ವಿಯಿಲ್ಲ, ಬಂಡೆಯ ಮೇಲೆ ಬೆನ್ನು ತಿರುಗಿಸಿ ನಿಂತು ನಮ್ಮ ಬದಲು ಭಾವುಕನಾಗುವ ಪಯಣಿಗನೂ ಇಲ್ಲ.

ನೀಲಗಿರಿಯ ಗಾಳಿ ಎತ್ತರದ ಹಿಮಾಲಯದಂತಲ್ಲ, ಅದು ತೇವದ ಗಾಳಿ. ಅಲ್ಲಿ ದೂರದ್ದು ಸ್ಪಷ್ಟವಾಗಿ ಕಾಣುವುದಿಲ್ಲ, ಮಾಯವಾಗುತ್ತದೆ. ಜಲವರ್ಣದಲ್ಲಿ ಬಿಳಿಯನ್ನು ಹಚ್ಚುವ ಬದಲು ಕಾಗದದ ಬಿಳಿಯನ್ನೇ ಬಿಟ್ಟುಕೊಂಡು ಹೋಗಬೇಕು. ತಪ್ಪಿದರೆ ಮೇಲೊಂದು ಪದರ ಬಳಿದು ಮುಚ್ಚುವಂತಿಲ್ಲ. ಮಂಜು ಬರೆಯುವುದೆಂದರೆ ಅಲ್ಲಿ ಏನನ್ನೂ ಬರೆಯದೆ ಇರುವುದು. ಟೆಂಪೆರಾದಲ್ಲಿ ರೋರಿಚ್ ಶಿಖರವನ್ನು ಘೋಷಿಸಿದರೆ, ಜಲವರ್ಣದಲ್ಲಿ ವೆಂಕಟಪ್ಪನವರು ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಕಲಿತರು.

ಈ ಮಂಜಿಗೂ ಒಂದು ಪ್ರಯಾಣದ ಚರಿತ್ರೆಯಿದೆ. 1903ರಲ್ಲಿ ಯೊಕೊಯಾಮ ತೈಕಾನ್ ಮತ್ತು ಹಿಶಿದಾ ಶುನ್ಸೊ ಎಂಬ ಜಪಾನಿನ ಇಬ್ಬರು ಚಿತ್ರಕಾರರು ಕಲ್ಕತ್ತೆಗೆ ಬಂದಿದ್ದರು. ಗೆರೆಯನ್ನು ಮಸುಕಾಗಿಸಿ ಬಣ್ಣದಲ್ಲೇ ಆಕಾರ ತೋರುವ ಅವರ ರೀತಿಯನ್ನು ನೋಡಿ ಅವನೀಂದ್ರನಾಥರು ಕಾಗದವನ್ನು ಮತ್ತೆ ಮತ್ತೆ ತೋಯಿಸಿ ಬಣ್ಣ ತೆಳುಗೊಳಿಸುವ ‘ವಾಷ್’ ಪದ್ಧತಿಯನ್ನು ರೂಪಿಸಿಕೊಂಡರು. ಜಪಾನಿನವರಿಗೆ ಮಂಜಿನ ಬೆಟ್ಟ ಬಂದದ್ದು ಚೀನಾದ ಶಾನ್-ಶುಯ್ ಪರಂಪರೆಯಿಂದ. ಹೀಗೆ ಸುಂಗ್ ಕಾಲದ ಮಂಜು ಜಪಾನು, ಕಲ್ಕತ್ತೆ ದಾಟಿ ಮೈಸೂರಿನ ಚಿತ್ರಗಾರರ ಮನೆಯ ಮಗನ ಕೈಗೆ ಬಂದು ನೀಲಗಿರಿಯ ಮೇಲೆ ಇಳಿಯಿತು. ಆದರೆ ಕಲ್ಕತ್ತೆಯಲ್ಲಿ ಆ ಮಸುಕು ಹೆಚ್ಚಾಗಿ ಪುರಾಣ, ಇತಿಹಾಸದ ಕನಸುಗಳಿಗೆ ಬಳಕೆಯಾಗುತ್ತಿತ್ತು. ಊಟಿಯಲ್ಲಿ ವೆಂಕಟಪ್ಪನವರು ಕಣ್ಣೆದುರಿನ ಹವೆಯನ್ನು ನೋಡಿದರು.

ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು. ಅವರು ಬರೆದ ಬೆಟ್ಟ ನಿಜವಾಗಿ ಖಾಲಿಯಾಗಿರಲಿಲ್ಲ. ಊಟಿಯ ಕೆರೆಯನ್ನು 1820ರ ದಶಕದಲ್ಲಿ ಕಟ್ಟಿಸಿದವನು ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್. ನೀಲಗಿರಿ ಮರ ಎಂದೇ ನಾವು ಕರೆಯುವ ಯೂಕಲಿಪ್ಟಸ್ ಬಂದದ್ದು ಆಸ್ಟ್ರೇಲಿಯಾದಿಂದ, 1840ರ ದಶಕದಲ್ಲಿ. 1908ರ ಹೊತ್ತಿಗೆ ರೈಲು ಊಟಿಗೆ ಮುಟ್ಟಿತ್ತು, ಮೈಸೂರು ಅರಸರಿಗೆ ಅಲ್ಲಿ ಫರ್ನ್‌ಹಿಲ್ ಅರಮನೆಯಿತ್ತು. ಸುತ್ತಲ ಹಟ್ಟಿಗಳಲ್ಲಿ ಬಡಗರಿದ್ದರು; ಅವರ ಹೆಸರಿಗೆ ಬಡಗಣದವರು ಎಂದೇ ಅರ್ಥ, ಅವರ ನುಡಿ ಕನ್ನಡದ ತೀರ ಹತ್ತಿರದ ಸೋದರಿ. ಗುಡ್ಡಗಳಲ್ಲಿ ತೋಡರಿದ್ದರು. ವೆಂಕಟಪ್ಪನವರು ಚಿತ್ರ ಬರೆದ ಕಾಲಕ್ಕೆ ಸರಿಯಾಗಿ, 1930ರ ದಶಕದ ನಡುವಿನಲ್ಲಿ, ಭಾಷಾವಿಜ್ಞಾನಿ ಎಂ.ಬಿ. ಎಮೆನೊ ಅದೇ ಬೆಟ್ಟಗಳಲ್ಲಿ ತೋಡ ಭಾಷೆಯನ್ನೂ ಹಾಡುಗಳನ್ನೂ ಬರೆದುಕೊಳ್ಳುತ್ತಿದ್ದರು. ಆ ಹಾಡುಗಳಲ್ಲಿ ಗುಡ್ಡ, ತೊರೆ, ಮಂದೆಯ ಜಾಗಗಳಿಗೆಲ್ಲ ಹೆಸರಿದೆ, ಹೆಸರುಗಳು ಜೋಡಿಜೋಡಿಯಾಗಿ ಬರುತ್ತವೆ. ತೋಡರ ದೇವರುಗಳ ವಾಸ ಆ ಗುಡ್ಡಗಳ ನೆತ್ತಿಯಲ್ಲೇ. ಹೊರಗಿನಿಂದ ಬಂದ ಕಣ್ಣಿಗೆ ಯಾರೂ ಇಲ್ಲದ ಬೆಟ್ಟ, ಅಲ್ಲಿಯವರ ಹಾಡಿನಲ್ಲಿ ಹೆಸರುಗಳಿಂದ ತುಂಬಿತ್ತು. ಈ ವಿಷಯದಲ್ಲಿ ರೋರಿಚ್‌ರಿಗೆ ಸಲ್ಲಬೇಕಾದ್ದು ಸಲ್ಲಬೇಕು. ನಗ್ಗರ್‌ನ ಮನೆಯಂಗಳದ ಗುಗ್ಗಾ ಚೌಹಾಣ್ ಎಂಬ ಕುದುರೆಯೇರಿದ ದೇವರ ಕಲ್ಲುಮೂರ್ತಿಯನ್ನು ಅವರು ಚಿತ್ರದಲ್ಲೂ ತಂದರು. ಸ್ಥಳದ ದೇವರಿಗೆ ಅವರ ಹಿಮಾಲಯದಲ್ಲಿ ಜಾಗವಿತ್ತು.

ಏಕಾಂತ ಎಂಬ ಪದ

ಕನ್ನಡದಲ್ಲಿ ಏಕಾಂತ ಎಂಬ ಪದ ಬಳಕೆಯಾಗುವ ರೀತಿಯೇ ವಿಚಿತ್ರ. ‘ಒಂಟಿ’ ಅಂದರೆ ಜೊತೆಗೆ ಯಾರೂ ಇಲ್ಲ. ‘ಏಕಾಂತದಲ್ಲಿ ಮಾತಾಡಬೇಕು’ ಅಂದರೆ ಇಬ್ಬರಾದರೂ ಇರಬೇಕು. ದೇವಸ್ಥಾನದ ಏಕಾಂತಸ ೇವೆಯಲ್ಲಿ ದೇವರೂ ಅರ್ಚಕರೂ ಇರುತ್ತಾರೆ. ಸಂಸ್ಕೃತದ ಮೂಲದಲ್ಲಿ ‘ಏಕ ಅಂತ’, ಒಂದೇ ಕೊನೆ, ಒಂದೇ ಗುರಿ. ಜೈನರು ಅದನ್ನೇ ಏಕಪಕ್ಷೀಯ ನೋಟ ಎಂಬ ಅರ್ಥದಲ್ಲಿ ಹಿಡಿದು, ಎದುರಿಗೆ ಅನೇಕಾಂತವನ್ನು ನಿಲ್ಲಿಸಿದರು. 12ನೇ ಶತಮಾನದ ಶೈವಭಕ್ತ, ಆಳಂದದ ಏಕಾಂತದ ರಾಮಯ್ಯನ ಹೆಸರಿನಲ್ಲಿ ಇರುವುದೂ ಶಿವನಲ್ಲಿ ಮಾತ್ರ ನೆಟ್ಟ ಆ ಒಂದೇ ಗುರಿ. ಏಕಾಂತವನ್ನು ಹೆಸರಿನಲ್ಲೇ ಹೊತ್ತ ಅವನು ನೆನಪಿನಲ್ಲಿ ಉಳಿದದ್ದು ಅಬ್ಬಲೂರಿನಲ್ಲಿ ಜೈನರ ಎದುರು, ಊರೆಲ್ಲ ನೋಡುವಂತೆ, ತಲೆಯನ್ನೇ ಪಣಕ್ಕಿಟ್ಟ ಪವಾಡದಿಂದ.

ಹಾಗೆ ನೋಡಿದರೆ ರೋರಿಚ್‌ರದು ರಾಮಯ್ಯನ ಬಗೆಯ ಏಕಾಂತ. ಒಂದೇ ನಂಬಿಕೆ, ಅದನ್ನು ಲೋಕವೆಲ್ಲ ಕಾಣುವಂತೆ ಸಾರಬೇಕು. ಶಿಖರ, ಗುಹೆ, ಮುನಿ ಆ ಸಾರುವಿಕೆಯ ಚಿಹ್ನೆಗಳು. ಅವುಗಳನ್ನು ಕಂಡಕೂಡಲೇ ನಮಗೆ ಅಧ್ಯಾತ್ಮ ಎಂದು ತಿಳಿಯುತ್ತದೆ. ವೆಂಕಟಪ್ಪನವರ ಚಿತ್ರದಲ್ಲಿ ಅಂಥ ಗುರುತುಚೀಟಿ ಇಲ್ಲದ್ದರಿಂದ ಅವುಗಳನ್ನು ‘ಊಟಿಯ ದೃಶ್ಯಗಳು’ ಎಂದು ಹೇಳಿ ಮುಂದೆ ಹೋಗುವುದು ಸುಲಭ. ಆದರೆ ಮೋಡ ಒಡೆಯುವ ಒಂದು ಗಳಿಗೆಯನ್ನು ಹಿಡಿಯಲು ಅದು ಒಡೆಯುವವರೆಗೆ ಕಾಯಬೇಕು, ಕಾಗದದಲ್ಲಿ ಎಷ್ಟು ಜಾಗ ಬಿಡಬೇಕೆಂದು ತಿಳಿದಿರಬೇಕು, ತನ್ನ ಪಾಂಡಿತ್ಯ ತೋರಿಸುವ ಚಪಲ ಬಿಡಬೇಕು. ವೀಣೆ ಕಲಿಯುವವರು ದಿನವೂ ಮಾಡುವ ಸಾಧನೆಯ ಜಾತಿಯದು ಇದು. ಏಕಾಂತವನ್ನು ಚಿತ್ರದಲ್ಲಿ ಹುಡುಕಲು ಹೋದರೆ ಸಿಗದಿರಬಹುದು. ಅದು ಬರೆದ ರೀತಿಯಲ್ಲಿದೆ.

ಎರಡು ಗೋಡೆಗಳು

ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಗ್ಯಾಲರಿ 1970ರ ದಶಕದಲ್ಲಿ ಕಬ್ಬನ್ ಪಾರ್ಕಿನ ಅಂಚಿನಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ತೆರೆಯಿತು. ಅವರ ಚಿತ್ರಗಳ ಜೊತೆಗೆ, ಕಡಿಮೆ ಬಾಡಿಗೆಗೆ ಯಾರು ಬೇಕಾದರೂ ಪ್ರದರ್ಶನ ಮಾಡಬಹುದಾದ ಹಜಾರಗಳೂ ಅಲ್ಲಿದ್ದವು. ಬೆಂಗಳೂರಿನ ಎಷ್ಟೋ ಕಲಾವಿದರ ಮೊದಲ ಪ್ರದರ್ಶನ ನಡೆದದ್ದು ಅಲ್ಲೇ. ಈ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದರ ‘ದತ್ತು’ವಿಗೆ ಕೊಡಲು ಸರ್ಕಾರ ಒಪ್ಪಂದ ಮಾಡಿಕೊಂಡಾಗ, 2016ರಲ್ಲಿ ಕಲಾವಿದರು ಗುಂಪುಗೂಡಿ ಬೀದಿಗಿಳಿದರು. ಗ್ಯಾಲರಿಯ ಆವರಣದಲ್ಲೇ ಚಿತ್ರ ಬರೆದರು, ಹಾಡಿದರು, ಸಭೆ ನಡೆಸಿದರು. ಗ್ಯಾಲರಿ ಸರ್ಕಾರದ ಕೈಯಲ್ಲೇ ಉಳಿಯಿತು. ಶಿಷ್ಯರ ಗುಂಪು ಕಟ್ಟದೆ ಹೋದವರ ಹೆಸರಿನ ಮನೆಯನ್ನು ಉಳಿಸಿಕೊಳ್ಳಲು ದೊಡ್ಡ ಗುಂಪೇ ಬೇಕಾಯಿತು.

ದಖನಿಯ ಜೋಗಿಣಿಯಿಂದ ಇಲ್ಲಿಯವರೆಗೆ ಬಂದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬೆಟ್ಟದ ಚಿತ್ರದಲ್ಲಿ ಯಾರಾದರೂ ಇರಬೇಕು ಎಂಬುದು ನಮ್ಮ ಹಳೆಯ ನಿರೀಕ್ಷೆ. ರೋರಿಚ್ ಅದನ್ನು ತೃಪ್ತಿಪಡಿಸಿದರು, ಆ ಕಾರಣಕ್ಕೇ ನಮಗೆ ಬೇಗ ಹತ್ತಿರವಾದರು. ವೆಂಕಟಪ್ಪನವರು ಆ ಜಾಗವನ್ನು ಖಾಲಿ ಬಿಟ್ಟರು.

ನೋಡುವ ಬಗೆಯಲ್ಲೂ ವ್ಯತ್ಯಾಸವಿದೆ. ಪರಿಷತ್ತಿನ ಹಜಾರದಲ್ಲಿ ರೋರಿಚ್‌ರ ನೀಲಿ ಶಿಖರಗಳು ಬಾಗಿಲಿನಿಂದಲೇ ಕರೆಯುತ್ತವೆ, ಶಾಲೆಯ ಮಕ್ಕಳ ಇಡೀ ಸಾಲು ಒಟ್ಟಿಗೆ ನಿಂತು ನೋಡಬಹುದು. ಊಟಿಯ ಜಲವರ್ಣಗಳು ದೂರದಿಂದ ಬರೀ ಬೂದುಬಣ್ಣದ ಕಾಗದದಂತೆ ಕಾಣುತ್ತವೆ. ಜಲವರ್ಣ ಬೆಳಕಿಗೆ ಮಾಸುವಂಥದ್ದು, ಜೋರು ದೀಪ ಅದಕ್ಕೆ ಆಗದು. ಹತ್ತಿರ ಹೋಗಿ, ಕಣ್ಣು ಹೊಂದಿಕೊಳ್ಳುವವರೆಗೆ ನಿಂತರೆ ಮಂಜಿನೊಳಗಿನ ಗುಡ್ಡ ನಿಧಾನವಾಗಿ ಹೊರಗೆ ಬರುತ್ತದೆ. ಅಷ್ಟು ಹತ್ತಿರದಲ್ಲಿ ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ ಜಾಗ.